ಕ್ಯಾನ್ಸರ್ ಬರುತ್ತದೆ ಎಂದು ಗೊತ್ತಿದ್ದೂ ಮಕ್ಕಳು ಯಾಕೆ ಸೇದುತ್ತಾರೆ?

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಎಂಟನೇ ತರಗತಿಯವರೂ ಪಟಪಟನೆ ಹೇಳುತ್ತಾರೆ. ಆದರೂ ಹತ್ತನೇ ತರಗತಿಯ ಕೆಲವು ಹುಡುಗರು ಶಾಲೆಯ ಹಿಂದಿನ ಗೂಡಂಗಡಿಯಲ್ಲಿ ಸೇದುತ್ತಾರೆ. ಇನ್ನೇನು ಹೇಳಿಕೊಡಬೇಕು?

ಅವರಿಗೆ ಕಾಯಿಲೆ ಗೊತ್ತು. ಚಟ ಎಷ್ಟು ಬೇಗ ಹತ್ತುತ್ತದೆ ಎಂಬುದು ಗೊತ್ತಿಲ್ಲ. ಹದಿನೈದರ ಹುಡುಗನಿಗೆ ಐವತ್ತರಲ್ಲಿ ಬರುವ ಕ್ಯಾನ್ಸರ್ ಬೇರೆ ಯಾರದೋ ಕಾಯಿಲೆ. 'ಬೇಕಾದಾಗ ಬಿಟ್ಟರಾಯಿತು' ಎಂದೇ ನಂಬಿರುತ್ತಾನೆ. ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ತಲುಪುತ್ತದೆ. ಮಿದುಳು ಇನ್ನೂ ಬೆಳೆಯುತ್ತಿರುವ ಈ ವಯಸ್ಸಿನಲ್ಲಿ ದಿನಾ ಸೇದಬೇಕೆಂದೇನಿಲ್ಲ, ಆಗೊಮ್ಮೆ ಈಗೊಮ್ಮೆ ಸೇದುವವರಲ್ಲೂ ಕೆಲವೇ ವಾರಗಳಲ್ಲಿ ತುಡಿತ ಶುರುವಾಗಬಹುದು. ಪಾಠದಲ್ಲಿ ಮೊದಲು ಬರಬೇಕಾದದ್ದು ಇದು. ಜೊತೆಗೆ ಇವತ್ತೇ ಅನುಭವಕ್ಕೆ ಬರುವುದನ್ನು ಹೇಳಿ: ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುವುದರಿಂದ ಕಬಡ್ಡಿ ಅಂಕಣದಲ್ಲಿ ಬೇಗ ಉಸಿರು ಕಟ್ಟುತ್ತದೆ.

ಪ್ಯಾಕಿನ ಎರಡೂ ಬದಿಯ ಶೇ. 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರುತ್ತದೆ. ಆದರೆ ಮಕ್ಕಳು ಕೊಳ್ಳುವುದು ಬಿಡಿ ಸಿಗರೇಟು, ಆ ಚಿತ್ರ ಅವರ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಆ ಗೂಡಂಗಡಿಯನ್ನು ಹಾಗೇ ಬಿಡಬೇಡಿ. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಬಿಡಿಯಾಗಿ ಮಾರುವಂತಿಲ್ಲ, ಶಿಕ್ಷಣ ಸಂಸ್ಥೆಯ 100 ಮೀಟರ್ ಒಳಗೆ ಮಾರುವಂತಿಲ್ಲ. ಅಂತರ ಅಳೆಯುವಾಗ ಹೆಚ್ಚಿನವರು ಗೇಟಿನಿಂದ ಶುರು ಮಾಡುತ್ತಾರೆ, ಅದು ತಪ್ಪು. ಕಾಂಪೌಂಡಿನ ಹೊರ ಅಂಚಿನಿಂದ ಅಳೆಯಬೇಕು. ಹಿಂಬದಿಯ ಅಂಗಡಿ ತಪ್ಪಿಸಿಕೊಳ್ಳುವುದು ಇಲ್ಲೇ. ಮುಖ್ಯ ಶಿಕ್ಷಕರ ಸಹಿಯೊಂದಿಗೆ ಠಾಣೆಗೆ ಲಿಖಿತ ದೂರು ಕೊಡಿ.

ಹತ್ತನೇ ತರಗತಿಯವರೆಗೆ ಕಾಯಲೂಬೇಡಿ. 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಿ ಭಾರತದ 13–15 ವಯಸ್ಸಿನ ವಿದ್ಯಾರ್ಥಿಗಳಲ್ಲಿ ಶೇ. 8.5ರಷ್ಟು ಮಂದಿ ಯಾವುದಾದರೊಂದು ತಂಬಾಕು ಬಳಸುತ್ತಿದ್ದರು. ಸಿಗರೇಟು ಸೇದಿದವರಲ್ಲಿ ಶೇ. 38 ಮಂದಿ ಹತ್ತು ತುಂಬುವ ಮೊದಲೇ ಅದನ್ನು ತುಟಿಗಿಟ್ಟಿದ್ದರು. ಐದನೇ ತರಗತಿಯಲ್ಲೇ ಈ ಮಾತು ಬರಲಿ.

ಪ್ರಶ್ನೆ: ಪಿಯುಸಿ ಓದುವ ಮಗನ ಬ್ಯಾಗಿನಲ್ಲಿ ಲೈಟರ್ ಸಿಕ್ಕಿತು. ಅವರಪ್ಪನಿಗೆ ಹೇಳಿದರೆ ಹೊಡೆಯುತ್ತಾರೆ. ಏನು ಮಾಡಲಿ?

ಹೊಡೆದರೆ ಸೇದುವುದು ನಿಲ್ಲುವುದಿಲ್ಲ, ಅಡಗಿಸುವುದು ಕಲಿಯುತ್ತಾನೆ, ಅಷ್ಟೇ. ಒಬ್ಬನೇ ಇದ್ದಾಗ, ಸಿಟ್ಟಿಲ್ಲದೆ, ಮೂರು ವಿಷಯ ಕೇಳಿ: ದಿನದ ಮೊದಲ ಸಿಗರೇಟು ಎಷ್ಟು ಹೊತ್ತಿಗೆ? ಯಾರ ಜೊತೆ? ಸೇದದ ದಿನ ಹೇಗಿರುತ್ತದೆ? ಎದ್ದ ಅರ್ಧ ಗಂಟೆಯೊಳಗೇ ಬೇಕೆನಿಸಿದರೆ ಚಟ ಗಟ್ಟಿಯಾಗಿದೆ, ವೈದ್ಯರ ನೆರವು ಬೇಕು. ಗೆಳೆಯರ ಜೊತೆ ಮಾತ್ರ ಎಂದರೆ 'ಬೇಡ ಮಗಾ, ಮ್ಯಾಚ್ ಇದೆ' ಎನ್ನುವಂಥ ಒಂದು ಸಿದ್ಧ ಉತ್ತರವನ್ನು ಅವನೇ ಯೋಚಿಸಿಟ್ಟುಕೊಳ್ಳಲಿ. ಮನೆಯಲ್ಲಿ ಹಿರಿಯರು ಸೇದುತ್ತಿದ್ದರೆ, ಬಿಡುವ ಕೆಲಸ ಅವರಿಂದಲೂ ಶುರುವಾಗಬೇಕು. ಅಪ್ಪ ಸೇದುತ್ತಾ ಹೇಳುವ ಬುದ್ಧಿಮಾತು ಮಗನ ಕಿವಿಗೆ ಬೀಳುವುದಿಲ್ಲ.

ಪ್ರಶ್ನೆ: ನನಗೆ 17. ದಿನಕ್ಕೆ ನಾಲ್ಕೈದು ಸೇದುತ್ತೇನೆ. ಬಿಟ್ಟರೆ ಮೂರನೇ ದಿನಕ್ಕೆ ಸೋಲುತ್ತೇನೆ. ವೇಪ್‌ಗೆ (ಇ-ಸಿಗರೇಟಿಗೆ) ಬದಲಾಗಲೇ?

ಬೇಡ. ವೇಪ್‌ನಲ್ಲೂ ನಿಕೋಟಿನ್ ಇರುತ್ತದೆ, ಅದರ ಮಾರಾಟ ದೇಶದಲ್ಲಿ 2019ರಿಂದಲೇ ನಿಷಿದ್ಧ, ಕದ್ದು ಮಾರುವ ದ್ರವದಲ್ಲಿ ಏನಿದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ.

ಸಿಡುಕು, ತಲೆನೋವು, ಗಮನ ನಿಲ್ಲದಿರುವುದು ಮೊದಲ ಎರಡು–ಮೂರು ದಿನ ಅತಿ ಹೆಚ್ಚು. ನೀನು ಸೋತದ್ದು ಏರಿನ ತುದಿಯಲ್ಲಿ. ಅಲ್ಲಿಂದ ಮುಂದೆ ಇಳಿಜಾರು, ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನದು ಕಡಿಮೆಯಾಗುತ್ತದೆ. ಪರೀಕ್ಷೆ ಇಲ್ಲದ ವಾರ ಆರಿಸಿಕೋ. ಹಿಂದಿನ ರಾತ್ರಿಯೇ ಲೈಟರ್ ಎಸೆ. ಆ ಮೂರು ದಿನ ಟೀ ಅಂಗಡಿಯ ದಾರಿ ಬದಲಿಸು, ಯಾಕೆಂದರೆ ಟೀ ಲೋಟ ಕೈಗೆ ಬಂದ ಕೂಡಲೇ ಸಿಗರೇಟು ನೆನಪಾಗುತ್ತದೆ. ಒಂದೊಂದು ತುಡಿತ ಐದರಿಂದ ಹತ್ತು ನಿಮಿಷ ಇರುತ್ತದೆ: ಆಗ ನಿಧಾನವಾಗಿ ನೀರು ಕುಡಿ, ದೀರ್ಘ ಉಸಿರೆಳೆ, ಎದ್ದು ಓಡಾಡು. 'ಒಂದೇ ಒಂದು ದಮ್' ಎಂದರೂ ಬೇಡ, ಬಿಟ್ಟವರು ಮತ್ತೆ ಸಿಕ್ಕಿಬೀಳುವುದು ಹೆಚ್ಚಾಗಿ ಅದರಿಂದಲೇ. ಹಾಗೂ ಎಳೆದುಬಿಟ್ಟರೆ ಆ ಕ್ಷಣದಿಂದಲೇ ಮುಂದುವರಿಸು, ಸೋಮವಾರದಿಂದ ಎಂದು ಮುಂದೂಡಬೇಡ.

ನಿಕೋಟಿನ್ ಗಮ್ ಅಂಗಡಿಯಲ್ಲಿ ಸಿಕ್ಕರೂ 18 ತುಂಬುವವರೆಗೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ, ಸೋಮವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಕನ್ನಡದಲ್ಲೇ ಮಾತಾಡಬಹುದು.