ಸಂಪಾದಕರ ಉತ್ತರ: ‘ಎನ್ನಲಾಗಿದೆ’ ಅಂದವರು ಯಾರು?

ಕೊಡಗಿನ ಅಮ್ಮತ್ತಿಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯ ಸಿನಿಮಾ ಅಂಕಣದಲ್ಲಿ ನಮ್ಮ ಜಿಲ್ಲೆಯದೇ ನಟಿಯೊಬ್ಬಳ ಸುದ್ದಿ ಇತ್ತು. ಯಾವ ಏರ್‌ಪೋರ್ಟಿನಲ್ಲಿ ಯಾರ ಜೊತೆ ಕಂಡಳು, ಮದುವೆ ಯಾವಾಗ, ಅಷ್ಟೇ. ಅವಳ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ಓದಿದ ನನ್ನ ಮೊಮ್ಮಗಳು ‘ಅಜ್ಜಿ, ಇವರು ಸಿನಿಮಾದಲ್ಲಿ ಏನು ಕೆಲಸ ಮಾಡ್ತಾರೆ?’ ಅಂತ ಕೇಳಿದಳು. ಈ ಅಂಕಣ ನಿಲ್ಲಿಸಿ. ಆ ಜಾಗದಲ್ಲಿ ಕರಿಮೆಣಸಿನ ರೋಗದ ಬಗ್ಗೆಯಾದರೂ ಬರೆಯಿರಿ.”

ಅಮ್ಮಾ, ನಮಸ್ಕಾರ.

ನಿಮ್ಮ ಪತ್ರ ಓದಿದ ಮೇಲೆ ಆ ಪುಟವನ್ನು ಮತ್ತೆ ಎದುರಿಗಿಟ್ಟುಕೊಂಡೆ. ಕೆಂಪು ಪೆನ್ನು ಹಿಡಿದು ‘ಎನ್ನಲಾಗಿದೆ’ ಇದ್ದ ಕಡೆಯೆಲ್ಲ ಸುತ್ತು ಹಾಕುತ್ತಾ ಹೋದೆ. ಒಂದೇ ಪುಟದಲ್ಲಿ ಏಳು ಸಿಕ್ಕಿದವು. ‘ಗಾಂಧಿನಗರದಲ್ಲಿ ಗುಸುಗುಸು’ ಎರಡು ಕಡೆ, ‘ಆಪ್ತ ಮೂಲಗಳ ಪ್ರಕಾರ’ ಒಂದು ಕಡೆ. ನಟಿಯ ಹೆಸರಿನ ಕೆಳಗೆ ಅವಳ ಹೊಸ ಚಿತ್ರದ ಹೆಸರೂ ಇರಲಿಲ್ಲ. ನೀವು ಹೇಳಿದ್ದು ಸರಿ. ಅದು ಅಚ್ಚಾಗುವ ಮುಂಚೆ ನೋಡಿದವನು ನಾನೇ. ತಪ್ಪು ನನ್ನದು.

ಈ ‘ಎನ್ನಲಾಗಿದೆ’ ಬಗ್ಗೆ ಎರಡು ಮಾತು ಹೇಳಬೇಕು. ಮನೆಯಲ್ಲಿ ನಾವು ‘ಹೀಗಂತೆ’ ಅನ್ನುತ್ತೇವೆ. ಹೇಳಿದವರ ಮುಖ ಎದುರಿಗಿರುತ್ತದೆ. ಇದು ಕೇಳಿದ ಮಾತು, ಕಂಡಿದ್ದಲ್ಲ ಅಂತ ಆ ‘ಅಂತೆ’ಯೇ ಹೇಳಿಬಿಡುತ್ತದೆ. ‘ಯಾರು ಹೇಳಿದ್ದು ನಿಂಗೆ?’ ಅಂತ ತಿರುಗಿ ಕೇಳಬಹುದು. ಪತ್ರಿಕೆಯ ‘ಎನ್ನಲಾಗಿದೆ’ಯನ್ನು ಯಾರೂ ಹಾಗೆ ಕೇಳಲು ಆಗುವುದಿಲ್ಲ. ಯಾರೋ ಅಂದರು, ಯಾರೋ ಬರೆದರು, ನಾವು ಅಚ್ಚು ಹಾಕಿದೆವು. ಅಚ್ಚಾದ ಮೇಲೆ ಅದೇ ನಿಜವಾಗಿ ಓಡಾಡುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದರ ಪೆಟ್ಟು ಇನ್ನೂ ಜಾಸ್ತಿ. ಬೆಂಗಳೂರಿನಲ್ಲಿ ಗಾಸಿಪ್ ಒಬ್ಬ ನಟಿಯ ಮೇಲೆ ಬೀಳುತ್ತದೆ, ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಇಲ್ಲಿ ಹೆಸರಿನ ಜೊತೆ ಒಕ್ಕದ, ಅಂದರೆ ಮನೆತನದ, ಹೆಸರೂ ಇರುತ್ತದೆ. ಯಾವ ಐನ್‌ಮನೆ (ಮನೆತನದ ಮೂಲ ಮನೆ), ಯಾವ ಊರು, ತಾಯಿಯ ಕಡೆ ಯಾರು, ಎಲ್ಲ ಗೊತ್ತು. ಮುಂದಿನ ವಾರ ಮದುವೆ ಮನೆಯಲ್ಲಿ ಅವಳ ತಾಯಿ ಊಟಕ್ಕೆ ಕೂತಾಗ ಪಕ್ಕದವರು ಕೇಳಿಯೇ ಕೇಳುತ್ತಾರೆ. ನಾವು ಬರೆದ ಒಂದು ಸಾಲಿಗೆ ಆ ತಾಯಿ ಉತ್ತರ ಕೊಡಬೇಕು. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಇಂಥ ಬರಹ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಹಳೆಯ ಮದರಾಸಿನ ಕತೆಯೊಂದಿದೆ. 1940ರ ದಶಕದಲ್ಲಿ ಲಕ್ಷ್ಮೀಕಾಂತನ್ ಅನ್ನುವವರು ಅಲ್ಲಿ ‘ಸಿನಿಮಾ ತೂತು’ ಎಂಬ ತಮಿಳು ಪತ್ರಿಕೆ ನಡೆಸುತ್ತಿದ್ದರು. ತೂತು ಅಂದರೆ ತಮಿಳಿನಲ್ಲಿ ದೂತ, ಸಂದೇಶ ಎಂಬ ಅರ್ಥ. ನಟನಟಿಯರ ಖಾಸಗಿ ಬದುಕೇ ಅದರ ಸರಕು. ಅದು ನಿಂತ ಮೇಲೆ ‘ಹಿಂದು ನೇಸನ್’ ಪತ್ರಿಕೆಯಲ್ಲಿ ಅದನ್ನೇ ಮುಂದುವರಿಸಿದರು. 1944ರ ನವೆಂಬರಿನಲ್ಲಿ ರಸ್ತೆಯಲ್ಲೇ ಅವರಿಗೆ ಚೂರಿ ಹಾಕಿದರು. ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ತಮಿಳಿನ ಅತಿ ದೊಡ್ಡ ತಾರೆಯಾಗಿದ್ದ ಎಂ.ಕೆ. ತ್ಯಾಗರಾಜ ಭಾಗವತರ್ ಮತ್ತು ಹಾಸ್ಯನಟ ಎನ್.ಎಸ್. ಕೃಷ್ಣನ್ ಇಬ್ಬರನ್ನೂ ಆ ಕೊಲೆ ಕೇಸಿನಲ್ಲಿ ಹಿಡಿದರು. ಶಿಕ್ಷೆಯೂ ಆಯಿತು. ಪ್ರಕರಣ ಆಗ ಕೊನೆಯ ಮೇಲ್ಮನವಿಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ, ವಾಪಸ್ ಮದರಾಸ್ ಹೈಕೋರ್ಟಿಗೆ ಬಂದು, 1947ರಲ್ಲಿ ಇಬ್ಬರೂ ಖುಲಾಸೆಯಾದರು. ಅಷ್ಟರಲ್ಲಿ ಎರಡು ವರ್ಷಕ್ಕೂ ಮೇಲೆ ಜೈಲಿನಲ್ಲಿ ಕಳೆದಿತ್ತು. ಭಾಗವತರ್ ಮತ್ತೆ ಮೊದಲಿನ ಜಾಗಕ್ಕೆ ಬರಲಿಲ್ಲ. 1959ರಲ್ಲಿ, ಐವತ್ತು ತುಂಬುವ ಮುಂಚೆಯೇ ಹೋಗಿಬಿಟ್ಟರು. ಬರೆದವರ ಜೀವ ಹೋಯಿತು, ಬರೆಸಿಕೊಂಡವರ ಬದುಕು ಹಾಳಾಯಿತು. ಕೊಂದವರು ಯಾರು ಅಂತ ಕೊನೆಗೂ ತಿಳಿಯಲಿಲ್ಲ.

ಇಷ್ಟಾದರೂ ಅಂಕಣ ನಿಲ್ಲಿಸಿ ಅನ್ನುವ ನಿಮ್ಮ ಮಾತು ಮಾತ್ರ ನಾನು ಒಪ್ಪಲಾರೆ. ಯಾಕೆ ಅಂತ ಹೇಳುತ್ತೇನೆ.

ಕೊಡಗಿನಲ್ಲಿ ಹೊಸ ಸಿನಿಮಾ ನೋಡುವುದು ಸುಲಭದ ಕೆಲಸವಲ್ಲ. ನಮ್ಮಲ್ಲಿ ಎಷ್ಟೋ ಜನ ಅದಕ್ಕೆಂದೇ ಕುಶಾಲನಗರಕ್ಕೋ ಮೈಸೂರಿಗೋ ಇಳಿಯುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನಾಪೋಕ್ಲಿನವರಿಗೆ ಇನ್ನೂ ಜಾಸ್ತಿ. ಕಾಫಿ ಕುಯ್ಲಿನ ನಡುವೆ ಸಿಕ್ಕ ಒಂದು ರಜೆ, ನಾಲ್ಕು ಜನರ ಬಸ್ ಚಾರ್ಜು, ಟಿಕೆಟ್, ಹೋಟೆಲ್ ಊಟ, ರಾತ್ರಿ ಕತ್ತಲಲ್ಲಿ ಮನೆ ಸೇರುವ ತಾಪತ್ರಯ. ಇಷ್ಟೆಲ್ಲ ಮಾಡಿ ಹೋಗುವವರಿಗೆ ಆ ಚಿತ್ರ ಹೇಗಿದೆ ಅಂತ ನಂಬಿಕೆಯಿಂದ ಹೇಳುವವರು ಒಬ್ಬರು ಬೇಕು, ಅಲ್ವಾ? ಟ್ರೇಲರ್ ಹೇಳುವುದಿಲ್ಲ. ನಿರ್ಮಾಪಕರ ಪ್ರೆಸ್ ನೋಟ್ ಅಂತೂ ಹೇಳುವುದೇ ಇಲ್ಲ. ಆ ನೋಟನ್ನೇ ವಿಮರ್ಶೆ ಅಂತ ಅಚ್ಚು ಹಾಕುವ ಅಂಕಣಗಳಿವೆ. ಚಿಕ್ಕ ವಯಸ್ಸಿನಲ್ಲಿ ನಾನು ಬೆಂಗಳೂರಿನ ಒಂದು ಪತ್ರಿಕೆಯಲ್ಲಿದ್ದೆ. ಒಂದು ಪತ್ರಿಕಾಗೋಷ್ಠಿಯಲ್ಲಿ ಫೋಟೋಗಳ ಜೊತೆ ಒಂದು ಕವರ್ ಕೊಟ್ಟರು. ತೆರೆದರೆ ದುಡ್ಡು. ವಾಪಸ್ ಕೊಟ್ಟೆ. ನನ್ನ ಹಿರಿಯರೊಬ್ಬರು ‘ಸುಮ್ನೆ ಇಟ್ಕೋ, ಎಲ್ಲರೂ ತಗೋತಾರೆ’ ಅಂದರು. ಆ ವಾರ ನಾನು ಬರೆದ ವಿಮರ್ಶೆ ಪುಟಕ್ಕೆ ಬರಲಿಲ್ಲ. ಆ ನೋವು ಇನ್ನೂ ಇದೆ.

ಇನ್ನು ನಿಮ್ಮ ಮೊಮ್ಮಗಳ ಪ್ರಶ್ನೆ. ನನಗೆ ಅದೇ ಮುಖ್ಯ. ಕೊಡಗಿನ ಪ್ರೇಮಾ 1995ರಲ್ಲಿ ‘ಓಂ’ ಚಿತ್ರದಲ್ಲಿ ಮಾಡಿದ ಪಾತ್ರವನ್ನು ಜನ ಈಗಲೂ ನೆನೆಯುತ್ತಾರೆ. ವಿರಾಜಪೇಟೆಯ ರಶ್ಮಿಕಾ 2016ರ ಕೊನೆಯಲ್ಲಿ ಕನ್ನಡದಲ್ಲಿ ಶುರು ಮಾಡಿ ತೆಲುಗು, ತಮಿಳು, ಹಿಂದಿಗೂ ಹೋದರು. ಒಂದೊಂದು ಭಾಷೆಗೂ ತುಟಿ, ಕಣ್ಣು, ಮಾತಿನ ಲಯ ಬೇರೆ. ಅದನ್ನು ಹೇಗೆ ಕಲಿಯುತ್ತಾರೆ? ಒಂದು ಶಾಟ್‌ಗೆ ಎಷ್ಟು ಸಲ ನಿಲ್ಲಬೇಕು? ಮೊಮ್ಮಗಳಿಗೆ ಬೇಕಾಗಿದ್ದು ಇದು. ‘ಮುಂಗಾರು ಮಳೆ’ 2006ರ ಡಿಸೆಂಬರಿನಲ್ಲಿ ಬಂದ ಮೇಲೆ ಮಡಿಕೇರಿಯ ಮಳೆ ನೋಡಲೆಂದೇ ಜನ ಬಂದರು. ಆ ಮಳೆಯನ್ನು ಕ್ಯಾಮೆರಾದಲ್ಲಿ ಹಿಡಿದವರು ಎಸ್. ಕೃಷ್ಣ. ನಾವಿಲ್ಲಿ ತಿಂಗಳುಗಟ್ಟಲೆ ಮಳೆಯಲ್ಲೇ ಬದುಕುವವರು. ಅದು ಕ್ಯಾಮೆರಾಗೆ ಸುಲಭವಾಗಿ ಕಾಣುವುದಿಲ್ಲ ಅಂತ ಮಳೆಯಲ್ಲಿ ಫೋಟೋ ತೆಗೆದ ಯಾರಿಗೂ ಗೊತ್ತು. ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಹನಿ ಹೊಳೆಯುತ್ತದೆ. ಇದನ್ನು ನಾವು ಒಂದು ಸಲವೂ ಬರೆದಿಲ್ಲ. 1972ರಲ್ಲೇ ಕೊಡವ ಭಾಷೆಯಲ್ಲಿ ‘ನಾಡ ಮಣ್ಣ್ ನಾಡ ಕೂಳ್’ ಬಂತು. ಅದರ ಬಗ್ಗೆಯೂ ಬರೆದಿಲ್ಲ. ಅದನ್ನು ಆಗ ನೋಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ನೀವೂ ನೋಡಿದ್ದರೆ ಎರಡು ಪುಟ ಬರೆದು ಕಳಿಸಿ.

ಆ ನಟಿಯ ಬಗ್ಗೆ ಬರೆದ ಸಾಲುಗಳನ್ನು ಇದೇ ಸಂಚಿಕೆಯ ಮೂರನೇ ಪುಟದಲ್ಲಿ, ಕಾಣುವ ಅಕ್ಷರದಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಅವರ ಮನೆಗೂ ಪತ್ರ ಬರೆದಿದ್ದೇನೆ. ಇನ್ನು ಮುಂದೆ ಸಿನಿಮಾ ನೋಡದೆ ಅದರ ಬಗ್ಗೆ ಈ ಪುಟದಲ್ಲಿ ಯಾರೂ ಬರೆಯುವುದಿಲ್ಲ. ಕರಿಮೆಣಸಿನ ರೋಗದ ಬಗ್ಗೆ ಬೇರೆ ಪುಟದಲ್ಲಿ ಖಂಡಿತ ಬರೆಸುತ್ತೇವೆ. ಅಂಕಣ ಬರೆಯುವ ನಮ್ಮ ಹುಡುಗ ಬರುವ ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಮೈಸೂರಿಗೆ ಹೋಗುತ್ತಾನೆ. ಟಿಕೆಟ್ಟಿನ ದುಡ್ಡು ಪತ್ರಿಕೆಯದು.