ಮನೆಯಲ್ಲಿ ಬರುವ ಲೆಕ್ಕ ಪರೀಕ್ಷೆಯಲ್ಲಿ ಯಾಕೆ ಬರುವುದಿಲ್ಲ?

ಪ್ರಕರಣ: ಹತ್ತನೇ ತರಗತಿ, ಕನ್ನಡ ಮಾಧ್ಯಮ. ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.

ವಿದ್ಯಾರ್ಥಿನಿ ತಾಯಿಯ ಜೊತೆ ನನ್ನ ಬಳಿ ಬಂದದ್ದು ಮೊದಲ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದ ವಾರ. ಗಣಿತದಲ್ಲಿ 80ಕ್ಕೆ 31. ಉಳಿದ ವಿಷಯಗಳಲ್ಲಿ ತೊಂದರೆ ಇಲ್ಲ. "ದಿನಾ ಮೂರು ಗಂಟೆ ಲೆಕ್ಕಾನೇ ಹಿಡ್ಕೊಂಡು ಕೂತಿರ್ತಾಳೆ ಮೇಡಂ. ಪರೀಕ್ಷೆಗೆ ಹೋದ್ರೆ ಎಲ್ಲ ಮರ್ತೋಗುತ್ತಂತೆ. ಇವಳ ತಲೆಗೆ ಗಣಿತ ಹತ್ತಲ್ಲ ಅನ್ಸುತ್ತೆ," ಎಂದರು ತಾಯಿ.

ತಲೆಗೆ ಹತ್ತುತ್ತದೋ ಇಲ್ಲವೋ ಎನ್ನುವ ಮೊದಲು ಉತ್ತರಪತ್ರಿಕೆ ಮತ್ತು ಮನೆಯ ನೋಟ್‌ಬುಕ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ನೋಟ್‌ಬುಕ್ಕಿನಲ್ಲಿ ಒಂದು ಗೀಟೂ ಇಲ್ಲ, ಎಲ್ಲ ಉತ್ತರವೂ ಸರಿ. ಸಂಶಯ ಹುಟ್ಟಿದ್ದೇ ಅಲ್ಲಿ, ಏಕೆಂದರೆ ತಾನೇ ಲೆಕ್ಕ ಮಾಡುವ ಮಗುವಿನ ಪುಸ್ತಕ ಅಷ್ಟು ಚೊಕ್ಕಟವಾಗಿರುವುದಿಲ್ಲ. ಓದುವ ಕ್ರಮ ತೋರಿಸು ಎಂದಾಗ ಅವಳು ಗೈಡ್ ತೆರೆದಳು. ಬಿಡಿಸಿದ ಲೆಕ್ಕ ಓದಿ, ತಲೆಯಾಡಿಸಿ, ನಕಲು ಮಾಡಿ, ಮುಂದಿನದಕ್ಕೆ ಹೋದಳು. ದಿನಕ್ಕೆ 15 ಲೆಕ್ಕ ಹೀಗೆ ಆಗುತ್ತಿತ್ತು. ಹಿಂದಿನ ದಿನ ಬರೆದಿದ್ದ ಲೆಕ್ಕವನ್ನೇ ಗೈಡ್ ಮುಚ್ಚಿ ಖಾಲಿ ಹಾಳೆಯಲ್ಲಿ ಕೊಟ್ಟರೆ ಎರಡನೇ ಸಾಲಿಗೆ ಪೆನ್ನು ನಿಂತಿತು.

"ಓದಿದ್ರೆ ಅರ್ಥ ಆಗುತ್ತೆ ಮೇಡಂ," ಎಂದಳು. ಅದು ನಿಜವೇ. ಆದರೆ ಬೇರೆಯವರು ಹಾಕಿದ ಹೆಜ್ಜೆಯನ್ನು ಕಣ್ಣಲ್ಲಿ ಹಿಂಬಾಲಿಸುವುದು ಒಂದು ಕೆಲಸ, ಮೊದಲ ಹೆಜ್ಜೆ ಯಾವುದೆಂದು ತಾನೇ ಹುಡುಕುವುದು ಇನ್ನೊಂದು. ಪರೀಕ್ಷೆ ಕೇಳುವುದು ಎರಡನೆಯದನ್ನು. ಅದರ ಅಭ್ಯಾಸ ಅವಳಿಗೆ ದಿನಕ್ಕೆ ಐದು ನಿಮಿಷವೂ ಆಗಿರಲಿಲ್ಲ.

ಹೋದ 49 ಅಂಕಗಳನ್ನು ಅವಳ ಕೈಯಲ್ಲೇ ವಿಂಗಡಿಸಿದೆವು. ವಿಷಯವೇ ಗೊತ್ತಿಲ್ಲದೆ ಹೋದದ್ದು 11. ಚಿಹ್ನೆ ತಪ್ಪಿ, ಅಂಕಿ ತಪ್ಪಾಗಿ ಇಳಿಸಿಕೊಂಡು ಹೋದದ್ದು 10. ಸಮಯ ಸಾಲದೆ 11. ಸೂತ್ರ ಬಾಯಿಪಾಠ ಇದ್ದರೂ ಯಾವುದನ್ನು ಹಾಕಬೇಕೆಂದು ಹೊಳೆಯದೆ ಹೋದದ್ದು 17. ಮಗುವಿನ ಮುಖ ಸ್ವಲ್ಪ ತಿಳಿಯಾದದ್ದು ಈ ಪಟ್ಟಿ ಕಂಡ ಮೇಲೆ, ಏಕೆಂದರೆ 'ಗಣಿತ ಬರಲ್ಲ' ಎನ್ನುವ ಗುಡ್ಡ ನಾಲ್ಕು ಭಾಗವಾಗಿತ್ತು, ನಿಜಕ್ಕೂ ಗೊತ್ತಿಲ್ಲದ್ದು 11 ಅಂಕದಷ್ಟೇ.

ಆ 17ರ ಒಂದು ಉದಾಹರಣೆ. ಸಮಾಂತರ ಶ್ರೇಢಿಯ, ಅಂದರೆ ಪ್ರತಿ ಪದವೂ ಹಿಂದಿನದಕ್ಕಿಂತ ಒಂದೇ ವ್ಯತ್ಯಾಸದಲ್ಲಿ ಸಾಗುವ ಸಾಲಿನ, ಮೊದಲ ಪದ 5, ಸಾಮಾನ್ಯ ವ್ಯತ್ಯಾಸ 4. ಎಷ್ಟು ಪದಗಳ ಮೊತ್ತ 230? ಮೊತ್ತದ ಸೂತ್ರ ಸರಿಯಾಗಿ ಬರೆದು, ಬೆಲೆ ಹಾಕಿ, 2ಎನ್² + 3ಎನ್ − 230 = 0 (ಎನ್ ಎಂದರೆ ಪದಗಳ ಸಂಖ್ಯೆ) ಎಂಬಲ್ಲಿಗೆ ಬಂದು ಬಿಟ್ಟುಬಿಟ್ಟಿದ್ದಳು. ಅದು ವರ್ಗಸಮೀಕರಣ, ಆ ಪಾಠ ಅವಳಿಗೆ ಚೆನ್ನಾಗಿ ಬರುತ್ತದೆ. ಆದರೆ ಶ್ರೇಢಿಯ ಲೆಕ್ಕದೊಳಗೆ ಅದು ಬರಬಹುದೆಂದು ಅನ್ನಿಸಿಯೇ ಇಲ್ಲ. ಪಾಠದ ಪ್ರಕಾರ ಅಭ್ಯಾಸ ಮಾಡುವಾಗ ಪುಟದ ಮೇಲಿನ ಶೀರ್ಷಿಕೆಯೇ ವಿಧಾನ ಹೇಳಿಕೊಟ್ಟುಬಿಡುತ್ತದೆ, ಪ್ರಶ್ನೆಪತ್ರಿಕೆಯಲ್ಲಿ ಶೀರ್ಷಿಕೆ ಇರುವುದಿಲ್ಲ. ಆ ಸಮೀಕರಣ ಬಿಡಿಸಿದರೆ ಎನ್‌ನ ಬೆಲೆಗಳು 10 ಮತ್ತು −11.5; ಪದಗಳ ಸಂಖ್ಯೆ ಋಣಾತ್ಮಕ ಆಗದು, ಹಾಗಾಗಿ 10. ತಾಳೆ ನೋಡಲು 10 ಹಾಕಿದರೆ 200 + 30 = 230. ಅರ್ಧ ನಿಮಿಷದ ಕೆಲಸ. ಚಿಹ್ನೆ ತಪ್ಪಿ ಹೋದ ಅಂಕಗಳಲ್ಲಿ ಬಹುಪಾಲನ್ನು ಈ ಅರ್ಧ ನಿಮಿಷ ಉಳಿಸುತ್ತಿತ್ತು.

ಕೊಟ್ಟ ಸಲಹೆ. ಎರಡನೇ ಪೂರ್ವಸಿದ್ಧತೆಗೆ ನಾಲ್ಕು ವಾರ ಇತ್ತು. ಪ್ರತಿ ಪಾಠದಿಂದ ಐದೈದು ಲೆಕ್ಕ ಆರಿಸಿ, ಪಾಠದ ಹೆಸರಿಲ್ಲದೆ ಚೀಟಿಯಲ್ಲಿ ಬರೆದು, ಹಿಂದೆ ಪುಟಸಂಖ್ಯೆ ಹಾಕಿ ಒಂದು ಡಬ್ಬಿಗೆ ಹಾಕುವುದು. ದಿನಾ ನಾಲ್ಕು ಚೀಟಿ ಎತ್ತುವುದು. ಮೊದಲ ಎರಡು ನಿಮಿಷ ಲೆಕ್ಕ ಮಾಡಬಾರದು. ಕೊಟ್ಟಿರುವುದೇನು, ಕೇಳಿರುವುದೇನು, ಯಾವ ದಾರಿ ಎಂದು ಮೂರು ಸಾಲು ಬರೆಯಬೇಕು. ಏಳು ನಿಮಿಷ ಒದ್ದಾಡಿದರೂ ಬಾರದಿದ್ದರೆ ಗೈಡ್ ತೆರೆದು ಒಂದೇ ಸಾಲು ನೋಡಿ ಮುಚ್ಚಬೇಕು. ಹಾಗೆ ನೋಡಿ ಮಾಡಿದ ಲೆಕ್ಕವನ್ನು ಮರುದಿನ, ಮೂರನೇ ದಿನ, ಏಳನೇ ದಿನ ಮೊದಲಿಂದ ಮಾಡಬೇಕು. ತಪ್ಪಾದದ್ದನ್ನು ಅಳಿಸಬಾರದು, ಪಕ್ಕದಲ್ಲಿ ಕಾರಣ ಬರೆಯಬೇಕು. 'ಅಜಾಗ್ರತೆ' ಎಂದು ಬರೆದರೆ ಪ್ರಯೋಜನವಿಲ್ಲ. 'ಆವರಣದ ಹೊರಗಿನ ಋಣ ಚಿಹ್ನೆಯನ್ನು ಎರಡನೇ ಪದಕ್ಕೆ ಹಾಕಲಿಲ್ಲ' ಎಂದು ಬರೆದರೆ ಉಂಟು.

ಪ್ರಮೇಯಗಳನ್ನು ಉರು ಹೊಡೆದಿದ್ದಳು. ತ್ರಿಭುಜದ ಹೆಸರು ಎಬಿಸಿ ಬದಲು ಪಿಕ್ಯೂಆರ್ ಆದರೆ ಸಾಧನೆ ಕೈತಪ್ಪುತ್ತಿತ್ತು. ಥೇಲ್ಸ್ ಪ್ರಮೇಯವನ್ನು (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ) ಬೇರೆ ಬೇರೆ ಅಕ್ಷರ ಹಾಕಿ ಮೂರು ಸಲ ಬರೆದು, ಎರಡು ತ್ರಿಭುಜಗಳ ವಿಸ್ತೀರ್ಣ ಸಮ ಎಂಬ ಸಾಲಿನ ಎದುರು 'ಒಂದೇ ಪಾದ, ಅವೇ ಸಮಾಂತರ ರೇಖೆಗಳ ನಡುವೆ' ಎಂಬ ಕಾರಣವನ್ನು ಪ್ರತಿ ಸಲ ಬಾಯಿಬಿಟ್ಟು ಹೇಳಲು ತಿಳಿಸಲಾಯಿತು.

ಸಮಯಕ್ಕೆ ಭಾನುವಾರಗಳು. ಹಳೆಯ ಪತ್ರಿಕೆ, ಗಡಿಯಾರ, ಮಧ್ಯೆ ಏಳುವಂತಿಲ್ಲ. ಮೊದಲ 15 ನಿಮಿಷ ಓದಲು. ಆಮೇಲಿನ 180 ನಿಮಿಷದಲ್ಲಿ 16 ಒಂದಂಕದ ಪ್ರಶ್ನೆಗಳಿಗೆ 20 ನಿಮಿಷ, ಎರಡಂಕದವಕ್ಕೆ 35, ಮೂರಂಕದವಕ್ಕೆ 65, ನಾಲ್ಕಂಕದವಕ್ಕೆ 40, ಐದಂಕದ್ದಕ್ಕೆ 12; ಉಳಿದ 8 ತಾಳೆ ನೋಡಲು. ಒಂದರಲ್ಲಿ ಸಿಕ್ಕಿಹಾಕಿಕೊಂಡರೆ ಸೂತ್ರ ಬರೆದು, ಬೆಲೆ ಹಾಕಿ, ಜಾಗ ಬಿಟ್ಟು ಮುಂದೆ ಹೋಗಬೇಕು. ಹಂತಕ್ಕೆ ಅಂಕ ಇದೆ, ಖಾಲಿ ಜಾಗಕ್ಕೆ ಇಲ್ಲ.

ಮೊದಲ ವಾರ ಕಷ್ಟ ಎಂದು ತಾಯಿಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ದಿನಕ್ಕೆ 15 ಲೆಕ್ಕ ಮುಗಿಸುತ್ತಿದ್ದವಳು ನಾಲ್ಕಕ್ಕೆ ಇಳಿದಾಗ, ಅದರಲ್ಲೂ ಎರಡು ತಪ್ಪಾದಾಗ, ಹಳೆಯ ಪದ್ಧತಿಯೇ ವಾಸಿ ಅನ್ನಿಸುತ್ತದೆ. ಬಹಳ ಮಕ್ಕಳು ಬಿಡುವುದು ಆ ವಾರದಲ್ಲೇ. ಇವಳೂ ಐದನೇ ದಿನ ಅತ್ತಳು. ತಾಯಿ ಬೈಯಲಿಲ್ಲ, ಪಕ್ಕದಲ್ಲಿ ಕೂತು "ಇದನ್ನ ನಂಗೆ ಹೇಳ್ಕೊಡು" ಎಂದರು. ಹೇಳಿಕೊಡುತ್ತಾ ಎಲ್ಲಿ ತಡವರಿಸುತ್ತಾಳೋ ಅಲ್ಲೇ ಅರ್ಥವಾಗದ ಜಾಗ ಎಂದು ಅವಳಿಗೇ ಗೊತ್ತಾಗತೊಡಗಿತು.

ಎರಡನೇ ಪೂರ್ವಸಿದ್ಧತೆಯಲ್ಲಿ 47 ಬಂತು. ಚಿಹ್ನೆಯ ತಪ್ಪು 10ರಿಂದ 3ಕ್ಕೆ ಇಳಿದಿದೆ. ತ್ರಿಭುಜಗಳು ಮತ್ತು ವೃತ್ತಗಳಲ್ಲಿ ಇನ್ನೂ ಎಡವುತ್ತಾಳೆ, ಡಬ್ಬಿಯಲ್ಲಿ ಈಗ ಆ ಎರಡು ಪಾಠಗಳ ಚೀಟಿಗಳನ್ನು ದುಪ್ಪಟ್ಟು ಮಾಡಲಾಗಿದೆ. ಪರೀಕ್ಷೆಯ ಹಿಂದಿನ ಸಂಜೆ ಹೊಸ ಲೆಕ್ಕ ಬೇಡ, ತಪ್ಪುಗಳಿಗೆ ಕಾರಣ ಬರೆದಿಟ್ಟ ಪುಸ್ತಕ ಮಾತ್ರ ಸಾಕು, ಹತ್ತಕ್ಕೆ ದೀಪ ಆರಿಸಬೇಕು ಎಂದು ತಾಯಿಗೆ ಹೇಳಿದೆ.