ಸಾಯುವ ಕೋಶಕ್ಕೆ ಅಡ್ಡ ಬರಬೇಡಿ

ಪ್ರಶ್ನೆ: ವೈರಸ್ ಹೊಕ್ಕರೆ ಜೀವಕೋಶಗಳು ಸಾಯುತ್ತವಂತೆ. ಅವು ಸಾಯದಂತೆ ಕಾಪಾಡುವ ಪುಡಿಯೊಂದನ್ನು ನಮ್ಮ ಬಡಾವಣೆಯಲ್ಲಿ ಮಾರುತ್ತಿದ್ದಾರೆ. ಜ್ವರ ಬಂದಾಗ ತಗೊಳ್ಳಬಹುದಾ? (ರಾಜಾಜಿನಗರದ ಓದುಗರು)

ಉತ್ತರ: ಬೆಂಗಳೂರಿನಲ್ಲಿ ಮಳೆ ಶುರುವಾದರೆ ಸಾಕು, ಇದೇ ಪ್ರಶ್ನೆ. ಹೋದ ವರ್ಷ ಕಷಾಯ, ಈ ವರ್ಷ ಪುಡಿ. ಬೇಡ. ಅದು ಕೆಲಸ ಮಾಡಲ್ಲ ಅನ್ನೋದು ನಿಮ್ಮ ಪುಣ್ಯ. ಮಾಡಿದ್ದರೆ ಲಾಭ ವೈರಸ್‌ಗೇ ಆಗುತ್ತಿತ್ತು.

ವೈರಸ್ ತಾನಾಗಿ ಮರಿ ಹಾಕಲಾರದು. ಕೋಶದೊಳಗೆ ಸೇರಿ, ಅಲ್ಲಿನ ಸಾಮಾನಿನಲ್ಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳಬೇಕು. ಹಾಗಾಗಿ ಕಳ್ಳ ಹೊಕ್ಕ ಸುಳಿವು ಸಿಕ್ಕ ಕೋಶ ಎಷ್ಟೋ ಸಲ ತಾನೇ ಸಾಯುತ್ತದೆ. ಕ್ಯಾಸ್ಪೇಸ್ ಎಂಬ ಕಿಣ್ವಗಳು ಒಳಗಿನ ಪ್ರೋಟೀನುಗಳನ್ನು ಕತ್ತರಿಸುತ್ತವೆ. ಡಿಎನ್‌ಎ ತುಂಡಾಗುತ್ತದೆ. ಕೋಶ ಸಣ್ಣ ಸಣ್ಣ ಪೊಟ್ಟಣಗಳಾಗುತ್ತದೆ, ಬೇರೆ ಕೋಶಗಳು ಬಂದು ಅವನ್ನು ನುಂಗುತ್ತವೆ. ಹೊರಗೆ ಏನೂ ಚೆಲ್ಲುವುದಿಲ್ಲ. ಇದಕ್ಕೆ ಅಪೊಪ್ಟೋಸಿಸ್ ಎಂದು 1972ರಲ್ಲಿ ಹೆಸರಿಟ್ಟರು.

ವೈರಸ್ ಸುಮ್ನೆ ಇರುತ್ತಾ? ಸಾವನ್ನು ತಡೆಯಲು ನಮ್ಮ ಕೋಶದಲ್ಲೇ ಬಿಸಿಎಲ್-2 ಎಂಬ ಪ್ರೋಟೀನ್ ಇದೆ. ನೆಗಡಿ, ಜ್ವರ ತರುವ ಅಡಿನೋವೈರಸ್ ಅದರಂಥದ್ದೇ ಒಂದನ್ನು ತಯಾರಿಸಿ ಕೋಶವನ್ನು ಬದುಕಿಸಿಕೊಳ್ಳುತ್ತದೆ. ಪ್ರತಿಗಳು ತಯಾರಾದ ಮೇಲೆ ಇನ್ನೊಂದು ಪ್ರೋಟೀನಿನ ನೆರವಿನಿಂದ ಅದೇ ಕೋಶವನ್ನು ಒಡೆದು ಹೊರಬರುತ್ತದೆ. ಅಲ್ಲಿಯವರೆಗೆ ಬಾಡಿಗೆ ಮನೆ ಬೀಳಬಾರದು, ಅಷ್ಟೇ. ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಕಥೆ ಇನ್ನೂ ಕೆಟ್ಟದ್ದು. ಅದರ ಅಪಾಯಕಾರಿ ಬಗೆಗಳು ಇ6 ಪ್ರೋಟೀನಿನಿಂದ ಕೆಟ್ಟ ಕೋಶವನ್ನು ಸಾಯಿಸುವ ನಮ್ಮ ಪಿ53 ಎಂಬ ಕಾವಲುಗಾರ ಪ್ರೋಟೀನನ್ನೇ ಮುಗಿಸುತ್ತವೆ. ಸಾಯಬೇಕಾದ ಕೋಶ ಉಳಿದುಬಿಡುತ್ತದೆ. ವರ್ಷಗಳ ಮೇಲೆ ಅದೇ ಗರ್ಭಕಂಠದ ಕ್ಯಾನ್ಸರ್ ಆಗಬಹುದು. ಅದಕ್ಕೆ ಲಸಿಕೆ ಇದೆ. ಪುಡಿಗೆ ಹಾಕುವ ದುಡ್ಡನ್ನು ಮಗಳ ಲಸಿಕೆಗೆ ಹಾಕಿ.

ಹಾಗಂತ ಎಲ್ಲ ಸಾವೂ ಒಳ್ಳೆಯದಲ್ಲ. ಎಚ್‌ಐವಿಯಲ್ಲಿ ಸಾಯುವ ಸಿಡಿ4 ಕೋಶಗಳಲ್ಲಿ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಜಾಸ್ತಿ ಪಾಲು ವೈರಸ್ಸನ್ನು ಬೆಳೆಸುತ್ತಿರುವುದೇ ಇಲ್ಲ. ಅವು ಒಡೆದು ಸಾಯುತ್ತವೆ, ಉರಿಯೂತ ಹಬ್ಬಿಸುತ್ತವೆ, ಸಾಯಲು ಇನ್ನಷ್ಟು ಕೋಶಗಳನ್ನು ಕರೆಯುತ್ತವೆ. ಅಲ್ಲಿಯೂ ಉಳಿಸುವುದು ವೈರಸ್ ಬೆಳೆಯದಂತೆ ತಡೆಯಲು ದಿನಾ ನುಂಗುವ ಎಆರ್‌ಟಿ ಮಾತ್ರೆಯೇ, ಪುಡಿ ಅಲ್ಲ.

ಪ್ರಶ್ನೆ: ಡೆಂಗಿ. ಪ್ಲೇಟ್‌ಲೆಟ್ 80 ಸಾವಿರಕ್ಕೆ ಇಳಿದಿದೆ. ಪರಂಗಿ ಎಲೆ ರಸ ಕುಡಿಯಲಾ?

ಉತ್ತರ: ರಸ ಬಿಡಿ, ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯನ್ನೂ ಮುಟ್ಟಬೇಡಿ. ಜ್ವರ ಇಳಿಯುವ ಹೊತ್ತಿಗೆ ಜೋರು ಹೊಟ್ಟೆನೋವು, ನಿಲ್ಲದ ವಾಂತಿ ಅಥವಾ ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ವೈರಲ್ ಜ್ವರ ಅಂತ ಮೆಡಿಕಲ್ ಶಾಪ್‌ನವರು ಆಂಟಿಬಯಾಟಿಕ್ ಕೊಟ್ಟರು. ಕೋರ್ಸ್ ಮುಗಿಸಬೇಕಾ?

ಉತ್ತರ: ವೈರಲ್ ಅಂತ ಹೇಳಿದ್ದೂ ಅವರೇನಾ? ಮೊದಲು ಡಾಕ್ಟರ್ ಹತ್ತಿರ ಹೋಗಿ.